ಬಿಸಿಲಿಗೆ ಅಪ್ಪಣೆ

ಮುಚ್ಚಂಡಿ, ೫-೧-೧೯೫೩

ಶ್ರೀಶೈಲಣ್ಣನಿಗೆ ತಂಗಿ ಭಾಗವ್ವನ ಶರಣು.

ಗೌಡರ ವಾಡೆಗೆ ಕೊಟ್ಟೆನೆಂದು ನೀನು ಹಿಗ್ಗಿದ್ದು ಸುಳ್ಳಾಗಿಲ್ಲ. ಹಾಲು ತುಪ್ಪಕ್ಕೆ ಕೊರತೆಯಿಲ್ಲ. ನೀರನ್ನೂ ಆಳು ಮುದುಕಿ ಮಲಕವ್ವ ಹೊತ್ತು ತರುತ್ತಾಳೆ. ಅಂಗಳದಲ್ಲಿ ಗಂಡಸರು ಕೂರುತ್ತಾರೆ, ನಾನು ಒಳಮನೆಯಲ್ಲೇ ಇರುತ್ತೇನೆ.

ಈಗೀಗ ಎಲುಬೆಲ್ಲ ನೋವು, ಗೋಡೆ ಹಿಡಿಯದೆ ಏಳಲು ಆಗುವುದಿಲ್ಲ. ದಿನಾ ಬಿಸಿಲಿನಲ್ಲಿ ಕೂರಿಸಿರೆಂದು ಡಾಕ್ಟರರು ಅತ್ತೆಗೆ ಹೇಳಿದರು.

"ಗೌಡರ ಸೊಸಿ ಆಳಿನ ಹಂಗ ಬಿಸಲಾಗ ಕುಂತ್ರ ಮಂದಿ ಏನಂದಾರ್ರಿ? ಗುಳಿಗಿ ಇದ್ರ ಕೊಡ್ರಿ" ಎಂದರು ಅತ್ತೆ.

ಸಂಕ್ರಮಣಕ್ಕೆ ನನ್ನನ್ನು ಕರೆಯಲು ಬಾ. ನನ್ನ ಬೇನೆಯ ಮಾತು ತೆಗೆಯಬೇಡ, ಅವ್ವನಿಗೆ ಆರಾಮಿಲ್ಲವೆಂದು ಹೇಳು. ಗಾಡಿಗೆ ಪರದೆ ಕಟ್ಟಿಕೊಂಡೇ ಬಾ, ಇಲ್ಲದಿದ್ದರೆ ಕಳಿಸುವುದಿಲ್ಲ.

ಊರು ದಾಟಿದ ಕೂಡಲೇ ಅದನ್ನು ಬಿಚ್ಚಿಬಿಡು, ಅಣ್ಣಾ.

ನಿನ್ನ ದಾರಿ ನೋಡುವ
ಭಾಗವ್ವ