ಒಬ್ಬರಿಗೆ ಒಬ್ಬರೇ

ಜೂನ್ 9, ಸೋಮವಾರ

ಮಗ್ಗದ ಮನೆಗಳ ಸುತ್ತು ಮುಗಿಸಿ ಈಗ ಕೂತೆ. ಒಬ್ಬನಿಗೆ ರೇಷ್ಮೆ ಸಾಲದು. ಇನ್ನೊಂದು ಮನೆಯಲ್ಲಿ ಅತ್ತೆ-ಸೊಸೆ ಜಗಳ, ಮಗ್ಗ ನಿಂತಿದೆ. ಇಬ್ಬರಿಗೂ ಬೈದು ಕೂರಿಸಿ ಬಂದೆ.

ಆಫೀಸಿಗೆ ಹೊಸ ಮ್ಯಾನೇಜರ್ ಬಂದಳು. ತೇಜಶ್ರೀ. ಚಳ್ಳಕೆರೆಯವಳು, ಎಂಬಿಎ. ಮ್ಯಾನೇಜರ್ ಕೆಲಸ ಐದಂತೆ — ಯೋಜನೆ, ಸಂಘಟನೆ, ಆದೇಶ, ಹೊಂದಾಣಿಕೆ, ಹತೋಟಿ. ಬೋರ್ಡಿನ ಮೇಲೆ ಬರೆದಳು. ಅತ್ತೆ-ಸೊಸೆ ಜಗಳ ಇದರಲ್ಲಿ ಯಾವುದು? ಕೇಳಲಿಲ್ಲ. ಸಾಹುಕಾರ್ ಜಂಬುಲಿಂಗಪ್ಪ ತಲೆ ಆಡಿಸುತ್ತಿದ್ದರು. ನೇಕಾರರ ಉಸ್ತುವಾರಿ ನೋಡುವ ನನ್ನ ಮಾತಿಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಆಡಿಸಿದವರಲ್ಲ.

ಅವಳಿಗೆ ಫ್ಯಾನಿನ ಕೆಳಗಿನ ಕುರ್ಚಿ. ನನ್ನದು ಅದು.

ಜೂನ್ 11

ಇವತ್ತು ರೂಲ್ಸ್. ಒಬ್ಬ ಕೆಲಸಗಾರನಿಗೆ ಹೇಳುವವರು ಒಬ್ಬರೇ ಇರಬೇಕು, ಇಬ್ಬರಾದರೆ ಕೆಲಸ ಕೆಡುತ್ತದೆ. ಫ್ರಾನ್ಸಿನಲ್ಲಿ ಗಣಿ ನಡೆಸುತ್ತಿದ್ದ ಯಾರೋ ನೂರು ವರ್ಷದ ಹಿಂದೆ ಬರೆದನಂತೆ.

ನೇಕಾರ ಚಿನ್ನಯ್ಯ ಎದ್ದ. "ನಂಗೆ ಮೊದ್ಲಿಂದ್ಲೂ ಒಬ್ಳೇ, ಮೇಡಂ. ಮಗ್ಗದಾಗೆ ಪಕ್ಕದಾಗೇ ಕುಂತಿರ್ತಾಳೆ."

ಹೆಂಡತಿಯ ಮಾತು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನನಗೂ ಬಂತು, ನುಂಗಿದೆ.

ಆ ಒಬ್ಬರು ನಾನೇ ಅಂದುಕೊಂಡಿದ್ದೆ… "ವನಜಾಕ್ಷಿ, ಇನ್ಮೇಲೆ ಏನಿದ್ರೂ ಮೇಡಂಗೆ ಹೇಳು. ನೇಕಾರರಿಗೆ ಅವ್ರು ಹೇಳ್ತಾರೆ," ಅಂದರು ಸಾಹುಕಾರ್.

ಸರಿ.

ಜೂನ್ 20

ಕೊಂಡ್ಲಹಳ್ಳಿ ಬೋರಕ್ಕನ ಫೋನು. ಅಭ್ಯಾಸ, ನನಗೇ ಮಾಡುತ್ತಾಳೆ. ಅವಳ ಮಗಳ ಧಾರೆ ಸೀರೆಯನ್ನು ಚಿನ್ನಯ್ಯ ನಾಳೆ ಮಗ್ಗಕ್ಕೆ ಏರಿಸುತ್ತಾನೆ.

"ವನಜಕ್ಕ, ಅಂಚು ಹಸಿರು ಬ್ಯಾಡಂತೆ. ಕುಂಕುಮದ ಬಣ್ಣ ಹಾಕ್ಸು."

"ಆಯ್ತು ಬಿಡು," ಅಂದೆ.

ಚಿನ್ನಯ್ಯನಿಗೆ ಹೇಳುವ ಹಾಗಿಲ್ಲ. ತೇಜಶ್ರೀಗೇ ಹೇಳೋಣ ಅಂತ ಹೊರಟೆ. ಆಫೀಸಿನಲ್ಲಿಲ್ಲ. ಅದೇ ಅತ್ತೆ-ಸೊಸೆ ಮನೆಯ ಜಗಲಿ ಮೇಲೆ ಕೂತಿದ್ದಾಳೆ, ಸೊಸೆಯ ಕೂಸು ತೊಡೆಯ ಮೇಲೆ. ಅತ್ತೆ ತೆಲುಗಿನಲ್ಲಿ "ತಾಗಮ್ಮಾ, ತಾಗು" ಅನ್ನುತ್ತಾ ಕಾಫಿ ಕುಡಿಸುತ್ತಿದ್ದಾಳೆ. ಒಳಗೆ ಮಗ್ಗದ ಸದ್ದು.

ಬೋರ್ಡಿನ ಐದರಲ್ಲಿ ಇದು ಇರಲಿಲ್ಲವಲ್ಲ! ನನಗೆ ಆ ಮುದುಕಿ ನೀರೂ ಕೊಟ್ಟಿಲ್ಲ.

ಹೇಳದೆ ತಿರುಗಿ ಬಂದೆ. ಒಬ್ಬರೇ ಹೇಳಬೇಕಲ್ಲ — ಅವಳೇ ತಿಳಿದುಕೊಳ್ಳಲಿ.

ಜುಲೈ 3

ಸೀರೆ ಬಂತು. ಹಸಿರು ಅಂಚು. ಬೋರಕ್ಕ ಮುಟ್ಟಲಿಲ್ಲ. "ಇದನ್ನ ಉಡ್ಸಿ ಹೆಂಗೆ ಧಾರೆ ಎರೀಲಿ? ಫೋನ್ ಮಾಡಿ ಹೇಳಿದ್ನಲ್ಲ!"

"ಯಾರಿಗೆ ಹೇಳ್ದೆ?" ಅಂದರು ಸಾಹುಕಾರ್.

ಬೋರಕ್ಕ ನನ್ನ ಕಡೆ ನೋಡಿದಳು. ಸಾಹುಕಾರರೂ. ಇಲ್ಲಿಗೆ ಮುಗಿಯಿತು, ನಾಳೆಯಿಂದ ಮನೆ — ಅಂದುಕೊಂಡೆ.

"ವನಜಮ್ಮ ನಂಗೆ ಹೇಳಿದ್ರು ಸರ್," ಅಂದಳು ತೇಜಶ್ರೀ. "ನಾನೇ ಮರ್ತೆ."

ಎಲ್ಲರ ಎದುರಿಗೆ ಬೈಸಿಕೊಂಡಳು. ತಲೆ ತಗ್ಗಿಸಲಿಲ್ಲ. ಬೇರೆ ಸೀರೆ ನೇಯಿಸಿ ಮದುವೆಗೆ ಮುಟ್ಟಿಸುತ್ತೇನೆ ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕುರ್ಚಿ ತಗೊಂಡಳು. ನೇಕಾರರ ಬೀದಿ ತಗೊಂಡಳು. ನನ್ನ ತಪ್ಪನ್ನೂ ತಗೊಂಡಳು. ನನಗೆ ಅಂತ ಏನು ಬಿಟ್ಟಳು?

ಜುಲೈ 4, ಬೆಳಗ್ಗೆ

ಮಗ್ಗದ ಮನೆಗಳ ಸುತ್ತಿಗೆ ಹೋಗಬಾರದು ಅಂತ ಕೂತಿದ್ದೇನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. ತೇಜಶ್ರೀ.

"ವನಜಮ್ಮ, ಬೋರಕ್ಕನ ಹೊಸ ಸೀರೆಗೆ ಚಿನ್ನಯ್ಯ ಮಗ್ಗಕ್ಕೆ ಕೂರಲ್ಲ ಅಂತಾನೆ. ನಾನು ಹೇಳಿದ್ರೆ ಕೇಳ್ತಿಲ್ಲ. ಬರ್ತೀರಾ?"

ಕೇಳಲಿಲ್ಲವಂತೆ! ಹಾಯೆನಿಸಿತು. ಹೋಗುವುದಿಲ್ಲ. ಹೋದರೂ ದಾರಿಯಲ್ಲಿ ಮೊದಲು ಕೇಳಬೇಕು — ನೀನು ಯಾಕೆ ಹಾಗೆ ಹೇಳಿದೆ, ನಾನು ನಿನಗೆ ಹೇಳೇ ಇರಲಿಲ್ಲ, ನಾನು ಬೇಕಂತಲೇ —

ಮತ್ತೆ ಕರೆಯುತ್ತಿದ್ದಾಳೆ. ಸೀರೆ ಸರಿಮಾಡಿಕೊಂಡು ಹೊರಡುತ್ತೇನೆ.