ಮಿಲ್ಲಿನ ಬಾಯಿ

ಕನ್ನಡಕದಂಗಡಿಯ ಹುಡುಗಿಗೆ,

ಮೇಲೆ ‘ಮಗಳೇ’ ಎಂದೇ ಬರೆಯಬೇಕೆಂದಿದ್ದೆ. ನೀನಿನ್ನೂ ಹೂಂ ಅಂದಿಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಎಂದು ನನ್ನ ನಾದಿನಿ ಆಡಿಕೊಳ್ಳುತ್ತಾಳೆಂದು ಬಿಟ್ಟೆ. ಆದರೆ ಬರೆಯುತ್ತಾ ಹೋದಂತೆ ಬಾಯಿತಪ್ಪಿ ಬಂದರೆ ನನ್ನನ್ನು ಬೈಯಬೇಡ.

ನೀನು ನಮ್ಮ ಮನೆಗೆ ಬಂದು ಹೋದ ಮೇಲೆ ನನ್ನ ಮಗನಿಗೆ ಕಳಿಸಿದ ಸಂದೇಶವನ್ನು ಅವನು ತೋರಿಸಿದ. ತೋರಿಸಲಿಲ್ಲ ಅನ್ನು, ತಟ್ಟೆಯ ಮುಂದೆ ಕೂತು ಅನ್ನ ಕೆದಕುತ್ತಿದ್ದವನ ಕೈಯಿಂದ ನಾನೇ ಫೋನ್ ಕಿತ್ತುಕೊಂಡು ಓದಿದೆ. “ನಿಮ್ಮ ಮನೇಲಿ ಎಲ್ರೂ ಮುಖ ನೋಡಿ, ಬಾಯಿ ಬಿಡಿಸಿ ಮಾತಾಡ್ತಾರೆ ಅಂದಿದ್ರಿ. ಸುಳ್ಳು ಹೇಳಿದ್ರಿ. ಆ ಮನೇಲಿ ನಾನು ಮೂಲೇಲಿಟ್ಟ ಕುರ್ಚಿ ಆಗ್ತೀನಿ. ಬೇಡ ಬಿಡಿ.” ನೀನು ಬರೆದದ್ದರಲ್ಲಿ ತಪ್ಪೇನೂ ಇಲ್ಲ. ಚಿಕ್ಕಂದಿನ ಜ್ವರದಲ್ಲಿ ಕಿವಿ ಕಳೆದುಕೊಂಡವಳು ನೀನು, ತುಟಿ ನೋಡಿಯೇ ಮಾತು ಹಿಡಿಯುವವಳು. ಆ ದಿನ ನಮ್ಮ ಮನೆಯಲ್ಲಿ ಒಬ್ಬರ ತುಟಿಯೂ ನೆಟ್ಟಗೆ ಅಲ್ಲಾಡಲಿಲ್ಲ. ಆದರೆ ನನ್ನ ಮಗ ಸುಳ್ಳು ಹೇಳಿಲ್ಲ ಕಣಮ್ಮ. ಸುಳ್ಳು ವೇಷ ಹಾಕಿದವರು ನಾವು. ಯಾಕೆ ಹಾಕಿದೆವೆಂದು ಹೇಳಬೇಕಾದರೆ ಹತ್ತಿ ಗಿರಣಿಯ ಕಥೆ ಹೇಳಬೇಕು. ಕೂತ್ಕೊ.

ನಿಮ್ಮ ಅಂಗಡಿಯಿಂದ ಎರಡು ರಸ್ತೆ ಆಚೆ ದೊಡ್ಡ ಮಳಿಗೆ ಇದೆಯಲ್ಲ, ಅದರ ಹಿಂದೆ ಕಾರು ನಿಲ್ಲಿಸುವ ಬಯಲಿದೆಯಲ್ಲ, ಅದೇ ನಮ್ಮ ಮಿಲ್ಲು. ಈಗ ಅಲ್ಲಿ ಒಂದು ಇಟ್ಟಿಗೆಯೂ ಉಳಿದಿಲ್ಲ. ಆದರೂ ಹಳದಿ ಪಟ್ಟೆ ಎಳೆದಿರುವ ಕಡೆ ಹತ್ತಿ ಬಿಡಿಸುವ ಕೋಣೆ ಇತ್ತು, ಟಿಕೆಟ್ ಹರಿಯುವ ಪೆಟ್ಟಿಗೆಯ ಜಾಗದಲ್ಲಿ ನೂಲು ಸುತ್ತುವವರು ಕೂರುತ್ತಿದ್ದರು, ಅಲ್ಲಿಂದ ಗೋಡೆಯವರೆಗೂ ಸಾಲುಸಾಲು ಮಗ್ಗ ಎಂದು ನಾನು ಕಣ್ಣು ಕಟ್ಟಿಕೊಂಡು ತೋರಿಸಬಲ್ಲೆ. ನಾನು ಮಗ್ಗದವಳು. ಎಳೆ ಕಡಿದರೆ ಗಂಟು ಹಾಕುವುದು, ಲಾಳಿಯಲ್ಲಿ ನೂಲು ಮುಗಿದರೆ ಬದಲಿಸುವುದು ನನ್ನ ಕೆಲಸ. ಶಿಫ್ಟ್ ಮುಗಿಯುವಾಗ ತಲೆ, ಹುಬ್ಬು, ರೆಪ್ಪೆಯ ಮೇಲೆಲ್ಲ ಹತ್ತಿಯ ಧೂಳು ಕೂತು, ಹುಡುಗಿಯರೆಲ್ಲ ಮುದುಕಿಯರಾಗಿ ಹೊರಗೆ ಬಂದು, ನಲ್ಲಿ ನೀರಲ್ಲಿ ಮುಖ ತೊಳೆದು ಮತ್ತೆ ಹುಡುಗಿಯರಾಗಿ ಮನೆಗೆ ಹೋಗುತ್ತಿದ್ದೆವು.

ಅಷ್ಟು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವಾಗ ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳುತ್ತಿರಲಿಲ್ಲ. ಹಾಗೆಂದು ಹೆಂಗಸರು ಬಾಯಿ ಮುಚ್ಚಿಕೊಂಡು ಎಂಟು ಗಂಟೆ ನಿಲ್ಲುತ್ತಾರೆಯೇ? ಅದು ಆಗದ ಮಾತು. ನಾವು ದನಿ ಬಿಟ್ಟು ಮಾತಾಡುವುದನ್ನು ಕಲಿತೆವು. ತುಟಿಯನ್ನು ಹಿಗ್ಗಿಸಿ, ಮುಖವನ್ನೆಲ್ಲ ದುಡಿಸಿ, ಎದುರಿನವರ ಕಣ್ಣಿಗೆ ಬೀಳುವಂತೆ ಒಂದೊಂದೇ ಮಾತು ಬಿಡಿಸಿಡುವುದು. ಊರಿನವರು ಅದನ್ನು ‘ಮಿಲ್ಲಿನ ಬಾಯಿ’ ಎಂದು ನಗುತ್ತಿದ್ದರು. ನಮಗೋ ಅದು ಹಬ್ಬ. ಈ ತುದಿಯಲ್ಲಿ ಹುಟ್ಟಿದ ತಮಾಷೆ ಮಗ್ಗದಿಂದ ಮಗ್ಗಕ್ಕೆ ದಾಟಿ ಆ ತುದಿಗೆ ಹೋಗಿ, ಅಲ್ಲಿ ಬಣ್ಣ ಬಳಿಸಿಕೊಂಡು ವಾಪಸು ಬರುತ್ತಿತ್ತು. ಮೇಸ್ತ್ರಿಯ ಬೆನ್ನ ಹಿಂದೆ ನಿಂತು ಅವನ ಏಳು ತಲೆಮಾರಿಗೆ ಮಂಗಳಾರತಿ ಎತ್ತಬಹುದಿತ್ತು. ಅವನು ತಿರುಗಿದ ತಕ್ಷಣ ಎಲ್ಲರ ತುಟಿಯೂ ಹೊಲಿದ ಹಾಗೆ. ನನ್ನ ನಾದಿನಿ ನೂಲು ಸುತ್ತುವ ಕಡೆಯಿದ್ದಳು. ಊರಿನ ಸುದ್ದಿಯೆಲ್ಲ ಅವಳಿಂದಲೇ ಹೊರಡುತ್ತಿದ್ದುದರಿಂದ ಅವಳಿಗೆ ‘ರೇಡಿಯೊ’ ಎಂದು ಹೆಸರು ಬಿದ್ದಿತ್ತು. ಒಂದು ಅಕ್ಷರವೂ ಕೇಳಿಸದ ರೇಡಿಯೊ.

ಈ ಭಾಷೆಯ ತೊಡಕು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ತುಟಿಯ ಮೇಲೆ ಅಪ್ಪನೂ ಅಮ್ಮನೂ ಒಂದೇ. ಕನ್ನಡಿ ಮುಂದೆ ನಿಂತು ಹೇಳಿ ನೋಡಿದರೂ ಬೇರೆಯಾಗುವುದಿಲ್ಲ. ಮಾವನೂ ಬಾವನೂ ಹಾಗೆಯೇ. ಅದಕ್ಕೆ ನಾವು ಅಪ್ಪ ಅನ್ನುವಾಗ ಬೆರಳಲ್ಲಿ ಮೀಸೆ ಎಳೆಯುತ್ತಿದ್ದೆವು, ಅಮ್ಮ ಅನ್ನುವಾಗ ಕೆನ್ನೆ ಮುಟ್ಟುತ್ತಿದ್ದೆವು. ಇದನ್ನು ಮರೆತು ಎಡವಟ್ಟು ಮಾಡಿದ ಮಹಾನುಭಾವರು ನನ್ನ ಗಂಡ.

ಅವರು ಮಗ್ಗ ರಿಪೇರಿ ಮಾಡುವ ಫಿಟ್ಟರ್. ನನ್ನ ಮಗ್ಗ ಯಾಕೆ ಅಷ್ಟು ಸಲ ಕೆಡುತ್ತಿತ್ತೋ ದೇವರಿಗೇ ಗೊತ್ತು. ಒಂದು ದಿನ ಮಗ್ಗದ ಕೆಳಗಿನಿಂದ ತಲೆ ಎತ್ತಿ, ಎರಡು ಕೈಯಲ್ಲೂ ಪಾನಾ ಹಿಡಿದುಕೊಂಡು, “ನಿಮ್ಮಪ್ಪನ್ನ ಹೋಗಿ ಕೇಳ್ಲಾ?” ಅಂದರು. ಕೈ ಖಾಲಿ ಇಲ್ಲ, ಮೀಸೆ ಎಳೆಯುವವರು ಯಾರು? ನಾನು ಅದನ್ನು “ನಿಮ್ಮಮ್ಮನ್ನ ಕೇಳ್ಲಾ” ಎಂದು ಓದಿಕೊಂಡು ತಲೆ ಆಡಿಸಿದೆ. ಮನೆಗೆ ಹೋಗಿ ಅಮ್ಮನ ಕಿವಿಯಲ್ಲಿ ಹಾಕಿದೆ. ಅಪ್ಪನಿಗೆ ಸಮಯ ನೋಡಿ ಹೇಳೋಣ ಎಂದು ಅಮ್ಮ ಮಾರನೆಯ ದಿನ ಮನೆ ತೊಳೆದು, ಒಳ್ಳೆಯ ಸೀರೆ ಉಟ್ಟು, ಬಾಗಿಲು ನೋಡುತ್ತಾ ಕೂತಳು.

ಇವರೋ, ಕ್ಷೌರದಂಗಡಿಯಲ್ಲಿ ಅಪ್ಪನನ್ನು ಹಿಡಿದರು. ಅಪ್ಪನ ಮುಖದ ತುಂಬ ಸೋಪಿನ ನೊರೆ, ಗಂಟಲ ಮೇಲೆ ಕತ್ತಿ. ಇವರು ಪಕ್ಕದಲ್ಲಿ ಕೈಕಟ್ಟಿ ನಿಂತು, ತಾನು ಯಾರು, ಸಂಬಳ ಎಷ್ಟು, ನಿಮ್ಮ ಮಗಳನ್ನು ಕೊಡಿ ಎಂದೆಲ್ಲ ಒಪ್ಪಿಸಿದರು. ಅಪ್ಪ ಉಸಿರೂ ಬಿಡಲಿಲ್ಲ. ಬಿಟ್ಟಿದ್ದರೆ ಕುತ್ತಿಗೆ ಉಳಿಯುತ್ತಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಇವರು ಕೈಮುಗಿದು ಹೊರಟೇಬಿಟ್ಟರು. ಅಪ್ಪ ಅರ್ಧ ಗಡ್ಡದಲ್ಲೇ ಮನೆಗೆ ಓಡಿಬಂದು, “ಲೇ, ಯಾವನೋ ಬಂದು ಇವಳನ್ನ ಕೇಳಿ ತೀರ್ಮಾನನೂ ಮಾಡ್ಕೊಂಡು ಹೋದ ಕಣೇ” ಎಂದು ಬಡಬಡಿಸಿದರೆ, ಅಮ್ಮನಿಗೆ ಬೇರೆಯೇ ಕೋಪ: “ನನ್ನ ಕೇಳ್ತಾನೆ ಅಂತ ಬೆಳಿಗ್ಗೆಯಿಂದ ಕಾದು ಕೂತಿದೀನಿ, ನೀವ್ಯಾಕ್ರೀ ಮಧ್ಯೆ ಬಾಯಿ ಹಾಕಿದ್ರಿ?” ಬಾಯಿ ಹಾಕಲೇ ಇಲ್ಲ ಎಂದು ಅಪ್ಪ ಸಾಯುವವರೆಗೂ ವಾದಿಸಿದರು. ಮದುವೆಯಂತೂ ಆಯಿತು.

ಆಮೇಲೆ ಮಿಲ್ಲು ಮುಚ್ಚಿತು. ಒಂದು ಮಧ್ಯಾಹ್ನ ಮಗ್ಗಗಳು ಒಂದೊಂದಾಗಿ ನಿಂತವು, ಮೇಸ್ತ್ರಿ ಇನ್ನು ಸಾಕು ಎಂದು ಕೈ ಆಡಿಸಿದ. ಶೆಡ್ಡಿನಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಆದರೂ ಯಾರೂ ದನಿ ತೆಗೆಯಲಿಲ್ಲ. ಹೋಗಿಬರ್ತೀನಿ, ಮನೆಗೆ ಬಾ, ಮಗೂಗೆ ಹುಷಾರಾ ಎಂದೆಲ್ಲ ತುಟಿಯಲ್ಲೇ ಹೇಳಿಕೊಂಡು ಹೊರಬಂದೆವು. ಗೇಟಿನಲ್ಲಿ ಕಾಯುತ್ತಿದ್ದವರು ಈ ಹೆಂಗಸರಿಗೆ ಮಾತೇ ನಿಂತುಹೋಗಿದೆ ಪಾಪ ಎಂದುಕೊಂಡರಂತೆ. ನಾವು ಆ ದಿನ ಆಡಿದಷ್ಟು ಮಾತನ್ನು ಜೀವಮಾನದಲ್ಲಿ ಆಡಿರಲಿಲ್ಲ.

ನನ್ನ ಮಗ ಹುಟ್ಟಿದ್ದು ಆ ಬಾಯಿಯ ಮನೆಯಲ್ಲಿ. ತೊಟ್ಟಿಲಲ್ಲಿ ಮಲಗಿದಾಗಿನಿಂದ ಅವನು ನೋಡಿದ್ದು ಹಿಗ್ಗುವ ತುಟಿಗಳನ್ನೇ. ಅದಕ್ಕೇ ನಿಮ್ಮ ಅಂಗಡಿಗೆ ಕನ್ನಡಕ ಮಾಡಿಸಲು ಬಂದವನು, ನಿನಗೆ ಕೇಳುವುದಿಲ್ಲ ಎಂದು ಗೊತ್ತಿಲ್ಲದೆಯೇ, ನಿನ್ನ ಮುಖ ನೋಡಿ ಬಿಡಿಸಿ ಬಿಡಿಸಿ ಮಾತಾಡಿದ್ದು. ಎಲ್ಲರೂ ಗಾಜಿನ ಪೆಟ್ಟಿಗೆ ನೋಡಿಕೊಂಡು ಗೊಣಗುತ್ತಾರೆ, ನಿಮ್ಮೊಬ್ಬರ ಮಾತು ಮೊದಲ ಸಲವೇ ಅಷ್ಟೂ ಸಿಕ್ಕಿತು ಎಂದು ನೀನು ಅವನಿಗೆ ಹೇಳಿದೆಯಂತೆ. ಅವನು ಮನೆಗೆ ಬಂದು ಅದನ್ನು ಹೇಳಿದಾಗ ನಾನು, ಇವರು, ನಾದಿನಿ ಮೂವರೂ ಮುಖ ಮುಖ ನೋಡಿಕೊಂಡೆವು. ಕೆಡವಿ ಹಾಕಿದ ಮಿಲ್ಲು ನಮ್ಮ ಹುಡುಗನಿಗೆ ಹೆಣ್ಣು ಹುಡುಕಿಕೊಟ್ಟಿತಲ್ಲ ಎಂದು ಇವರು ಕಣ್ಣು ಒರೆಸಿಕೊಂಡರು.

ಇಷ್ಟೆಲ್ಲ ಇದ್ದೂ ಆ ದಿನ ಏನಾಯಿತು ಎಂದರೆ, ರೇಡಿಯೊ ಒಂದು ಕಾನೂನು ಹೊರಡಿಸಿದಳು: “ಹುಡುಗಿ ಓದಿದೋಳು. ಅವಳ ಮುಂದೆ ಯಾರೂ ಕೋತಿ ಮುಖ ಮಾಡ್ಕೂಡದು. ಮರ್ಯಾದೆಯಾಗಿ ಮಾತಾಡಿ.” ನಮಗೂ ಸರಿ ಅನ್ನಿಸಿತು. ನಿನ್ನ ಮುಂದೆ ತುಟಿ ಹಿಗ್ಗಿಸಿದರೆ ನಿನ್ನನ್ನು ಅಣಕಿಸಿದಂತೆ ಆಗುತ್ತದೇನೋ ಎಂಬ ಅಂಜಿಕೆ ಬೇರೆ. ಎಲ್ಲರೂ ತಲೆ ತಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ ಪಿಸುಗುಟ್ಟಿದೆವು. ಊರಲ್ಲೇ ನಿನ್ನೊಡನೆ ಸರಿಯಾಗಿ ಮಾತಾಡಬಲ್ಲ ಮನೆ, ನೀನು ಬಂದಾಗಲೇ ಬಾಯಿಗೆ ಬೀಗ ಹಾಕಿ ಕೂತಿತು. ದಡ್ಡತನಕ್ಕೆ ಕೊಂಬು ಬೇರೆ ಇರುತ್ತದೆಯೇ?

ಮೊನ್ನೆ ಭಾನುವಾರ ನಾವು ಮೂವರೂ ಆ ಕಾರಿನ ಬಯಲಿಗೆ ಹೋಗಿದ್ದೆವು. ಹಳೆಯ ಜಾಗಗಳಲ್ಲೇ ನಿಂತು, ಕಾರುಗಳ ಸಾಲಿನ ಆಚೆಯಿಂದ ಈಚೆಗೆ ಮಾತಾಡಿದೆವು. ಕಾವಲಿನವನು ಹತ್ತಿರ ಬಂದು, “ಯಾಕ್ರಮ್ಮ, ಹಲ್ಲು ನೋವಾ?” ಅಂದ. ರೇಡಿಯೊ ನಕ್ಕು ನಕ್ಕು ಒಂದು ಕಾರಿಗೆ ಒರಗಿ, ಆ ಕಾರು ಕಿರುಚಿಕೊಂಡು ರಂಪವಾಯಿತು. ನಗು ನಿಂತ ಮೇಲೆ ನನಗೆ ಒಂದು ಸತ್ಯ ಹೊಳೆಯಿತು. ಆ ಗಲಾಟೆಯಲ್ಲಿ ಕಾರಿನ ಸದ್ದು ನನಗೆ ಅಷ್ಟಾಗಿ ಕೇಳಿಸಿಯೇ ಇರಲಿಲ್ಲ. ಮಗ್ಗಗಳು ತಮ್ಮ ಪಾಲನ್ನು ನಿಧಾನವಾಗಿ ವಸೂಲಿ ಮಾಡುತ್ತಿವೆ. ಇವರ ಕಿವಿಯೂ ಮಂದ. ನಮ್ಮ ಬಾಯಿ ಬಲ್ಲವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ನಾಳೆ ಈ ಮನೆಯಲ್ಲಿ ಮೂಲೆಯ ಕುರ್ಚಿ ಯಾರಾದರೂ ಆಗುವುದಿದ್ದರೆ ಅದು ನೀನಲ್ಲ, ನಾನು.

ಆದ್ದರಿಂದ ನಿನ್ನ ಮೇಲಿನ ಕನಿಕರಕ್ಕೆ ಕರೆಯುತ್ತಿದ್ದೇನೆಂದು ತಿಳಿಯಬೇಡ. ನನ್ನ ಸ್ವಾರ್ಥಕ್ಕೆ ಕರೆಯುತ್ತಿದ್ದೇನೆ. ಬರುವ ಭಾನುವಾರ ಬಾ. ಒಳಗೆ ಬರುವುದೂ ಬೇಡ, ರಸ್ತೆಯ ಆಚೆ ಬದಿಯಲ್ಲಿ ನಿಂತು ನಿನ್ನ ಉತ್ತರ ಹೇಳು. ಬಸ್ಸು ಲಾರಿ ಎಷ್ಟು ಹೋದರೂ ಚಿಂತೆಯಿಲ್ಲ, ನಾನು ಮಹಡಿಯ ಮೇಲಿಂದ ಓದಿಕೊಳ್ಳುತ್ತೇನೆ. ‘ಬೇಡ’ ಅನ್ನುವಾಗ ಬಾಯಿ ತೆರೆದೇ ಉಳಿಯುತ್ತದೆ, ‘ಬೇಕು’ ಅನ್ನುವಾಗ ತುಟಿ ಮುತ್ತು ಕೊಡುವ ಹಾಗೆ ದುಂಡಗಾಗುತ್ತದೆ. ಇವೆರಡರಲ್ಲಿ ನಾನು ಎಂದೂ ತಪ್ಪಿದವಳಲ್ಲ.

ಯಾವುದನ್ನು ಹೇಳಿದರೂ ನಿನ್ನ ಕಣ್ಣು ತಂಪಾಗಿರಲಿ, ಮಗಳೇ. ನೀನು ನೋಡಿದ ಕಡೆಯೆಲ್ಲ ಯಾರಾದರೊಬ್ಬರು ನಿನ್ನ ಕಡೆ ಮುಖ ಮಾಡಿ ಮಾತಾಡುತ್ತಿರಲಿ.

ನಿನಗೆ ಅತ್ತೆಯಾಗಲು ಮಹಡಿಯ ಮೇಲೆ ಕಾದು ನಿಲ್ಲುವ,
ಮಿಲ್ಲಿನ ಬಾಯಿಯವಳು