ಕೈಬಿಟ್ಟ ಸಾಲುಗಳು

ಹೊಲಿಗೆ ಅಂಗಡಿಯಿಂದ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಪುಸ್ತಕ ತಲುಪಿತು. ರಟ್ಟಿನ ಮೇಲೆ ನನ್ನ ಹೆಸರು ದೊಡ್ಡದಾಗಿ ಬಂದಿದೆ. ಕೂತಲ್ಲೇ ಓದಿ ಮುಗಿಸಿದೆ. ಮೈಯೆಲ್ಲ ಉರಿದುಹೋಯಿತು.

ನಾವು ಮೂರು ಗಂಟೆ ಹಾಡಿದ ಕಥೆಯನ್ನು ನಲವತ್ತು ಪುಟಕ್ಕೆ ಮುಗಿಸಿದ್ದೀಯ. ಮುನ್ನುಡಿಯಲ್ಲಿ ‘ಪುನರುಕ್ತಿಗಳನ್ನು ಕೈಬಿಡಲಾಗಿದೆ’ ಅಂತ ಬೇರೆ ಬರೆದಿದ್ದೀಯ. ಯಾರನ್ನು ಕೇಳಿ ಕೈಬಿಟ್ಟೆ? ನಾನು ಒಂದು ಸಾಲು ಹಾಡಿದರೆ ಅದರ ಕೊನೆಯರ್ಧವನ್ನು ನಿನ್ನ ಚಿಕ್ಕಮ್ಮ ಹಿಂದಿನಿಂದ ಎತ್ತಿಕೊಳ್ಳುತ್ತಾಳೆ. ಅಷ್ಟರಲ್ಲಿ ನಾನು ಉಸಿರೆಳೆದುಕೊಂಡು ಮುಂದಿನ ಸಾಲು ಹುಡುಕುತ್ತೇನೆ. ಮೂವತ್ತು ವರ್ಷ ಅಕ್ಕತಂಗಿಯರು ಹಾಗೇ ಹಾಡಿದ್ದೇವೆ. ನಿನಗದು ಪುನರುಕ್ತಿ.

ಕೂಸನ್ನು ಒಯ್ದ ರಾಕ್ಷಸನ ಮುಂದೆ ನಿಂತು ರಾಣಿ ‘ನನ್ನ ಕೂಸು ಕೊಡು’ ಎಂದು ಮೂರು ಸಲ ಹಾಡುತ್ತಾಳೆ. ಮಾತು ಒಂದೇ, ಧಾಟಿ ಬೇರೆ. ಮೊದಲ ಸಲ ತಗ್ಗಿದ ದನಿಯಲ್ಲಿ ಬೇಡುತ್ತಾಳೆ. ಎರಡನೆಯ ಸಲ ‘ಕೂಸು’ ಅನ್ನುವಲ್ಲಿ ದನಿ ಒಡೆಯುತ್ತದೆ. ಮೂರನೆಯ ಸಲ ಮೇಲಕ್ಕೇರಿ ಅಲ್ಲೇ ನಿಲ್ಲುತ್ತಾಳೆ, ಆಗ ರಾಕ್ಷಸನಿಗೂ ಕೈಕಾಲು ನಡುಗಬೇಕು. ನೀನು ಒಂದೇ ಸಲ ಅಚ್ಚು ಹಾಕಿಸಿದ್ದೀಯ. ಪಕ್ಕದ ಮನೆಗೆ ಜರಡಿ ವಾಪಸು ಕೇಳಲು ಹೋದವಳ ಹಾಗಿದ್ದಾಳೆ ನಿನ್ನ ರಾಣಿ.

ಬರಹದಲ್ಲಿ ಧಾಟಿ ಕೇಳಿಸೋದಿಲ್ಲಮ್ಮ, ಓದೋರಿಗೆ ಬೇಜಾರಾಗುತ್ತೆ ಅಂತ ನೀನು ಫೋನಿನಲ್ಲಿ ಹೇಳಿದೆ. ಕೇಳಿಸದಿದ್ದರೆ ಪಕ್ಕದಲ್ಲಿ ಬರೆಯಬೇಕಿತ್ತು, ಇಲ್ಲಿ ದನಿ ಏರುತ್ತದೆ ಎಂದು. ಅಷ್ಟು ಓದಿದವಳಿಗೆ ಇಷ್ಟು ಹೊಳೆಯಲಿಲ್ಲವೇ? ತೊಟ್ಟಿಲಲ್ಲಿ ನೀನು ಅಳು ನಿಲ್ಲಿಸುತ್ತಿದ್ದುದು ನಮ್ಮ ಮಾತಿನ ಅರ್ಥ ತಿಳಿದು ಅಲ್ಲ.

ಚಿಕ್ಕಮ್ಮ ಪುಸ್ತಕ ತಿರುವಿ ಹಾಕಿದಳು. ಚೆನ್ನಾಗಿದೆ ಬಿಡಕ್ಕ, ಕಾಗದ ಒಳ್ಳೇದು ಹಾಕಿದಾರೆ ಅಂತ ಹೇಳಿ ಕಾಜಾ ಹೊಲಿಯಲು ಕುಳಿತಳು. ಅವಳ ಒಂದು ಉಸಿರೂ ಅದರಲ್ಲಿಲ್ಲ. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಭಾನುವಾರದ ಬಿಡುಗಡೆಗೆ ನಾನು ಬರುವುದಿಲ್ಲ. ಬಿಟ್ಟ ಸಾಲುಗಳನ್ನೆಲ್ಲ ಸೇರಿಸಿ, ಎರಡು ಹೆಸರು ಹಾಕಿ, ಆಮೇಲೆ ಕರೆ.

ಸಿಟ್ಟು ಇಳಿಯದ ನಿನ್ನ
ಅಮ್ಮ

ತಾ.ಕ.: ಇದನ್ನು ಬರೆಯಬಾರದು ಅಂತಿದ್ದೆ. ಹೋದ ವರ್ಷ ನೀನು ರೆಕಾರ್ಡ್ ಮಾಡಿಕೊಂಡ ದಿನ, ಅರ್ಧ ಕಥೆ ಆಗುವಷ್ಟರಲ್ಲಿ ನನಗೆ ಮಾತು ಮರೆತುಹೋಯಿತು. ಧಾಟಿ ಗಂಟಲಲ್ಲಿತ್ತು, ಮಾತಿರಲಿಲ್ಲ. ಅಲ್ಲಿಂದಾಚೆಗೆ ಮುಂದೆ ಹಾಡಿದವಳು ಚಿಕ್ಕಮ್ಮ. ಅವಳು ಹೇಳಿದ್ದರ ಅರ್ಧವನ್ನು ನಾನು ಹಿಂದೆ ಹೇಳಿದೆ. ನಮ್ಮಿಬ್ಬರ ದನಿ ಒಂದೇ ಥರ, ನಿನಗೆ ಗೊತ್ತಾಗಲಿಲ್ಲ. ಕೊನೆಯ ಇಪ್ಪತ್ತು ಪುಟಗಳಲ್ಲಿ ನೀನು ಕೈಬಿಟ್ಟಿರುವುದು ನನ್ನನ್ನು. ಯಾರಿಗೂ ಹೇಳಬೇಡಕ್ಕ ಅಂದಿದ್ದಳು, ವರ್ಷವೆಲ್ಲ ಬಾಯಿ ಮುಚ್ಚಿಕೊಂಡಿದ್ದೆ. ರಟ್ಟಿನ ಮೇಲೆ ಅವಳ ಹೆಸರು ಮೊದಲು ಬರಲಿ.